ಕ್ಯೂಪಾತ್: ಎಣಿಕೆಗೆ ಸೈ, ರಿಪೋರ್ಟಿಗೆ ಸಹಿ ನಮ್ಮದೇ

ಸ್ತನ ಕ್ಯಾನ್ಸರ್ ಸ್ಲೈಡಿನಲ್ಲಿ ಕೆಐ-67 (ವಿಭಜನೆಯ ಹಾದಿಯಲ್ಲಿರುವ ಕೋಶಗಳಲ್ಲಿ ಸಿಗುವ ಪ್ರೋಟೀನ್) ಎಣಿಸುವುದು ನಮ್ಮಂಥ ಪ್ಯಾಥಾಲಜಿಸ್ಟ್‌ಗಳಿಗೆ ತಲೆನೋವಿನ ಕೆಲಸ. ಸ್ಟೇನ್, ಅಂದರೆ ಬಣ್ಣ ಹಾಕಿದಾಗ ಅಂಥ ಕೋಶಗಳ ನ್ಯೂಕ್ಲಿಯಸ್ ಕಂದು, ಉಳಿದವು ನೀಲಿ. ನೂರಕ್ಕೆ ಎಷ್ಟು ಕಂದು ಅಂತ ಹೇಳಬೇಕು. 5ರ ಕೆಳಗೆ ಅಥವಾ 30ರ ಮೇಲಿದ್ದರೆ ಜಗಳವಿಲ್ಲ. ನಡುವೆ ಸಿಕ್ಕಿಕೊಂಡರೆ ನಾನು 15 ಅಂದರೆ ಪಕ್ಕದ ಮೇಡಂ 22 ಅನ್ನುತ್ತಾರೆ.

ಈ ಕೆಲಸಕ್ಕೆ ನಾನು ಬಳಸುವುದು ಕ್ಯೂಪಾತ್ ಅನ್ನುವ ಸಾಫ್ಟ್‌ವೇರ್. ಬೆಲ್‌ಫಾಸ್ಟ್‌ನ ಕ್ವೀನ್ಸ್ ಯೂನಿವರ್ಸಿಟಿಯಲ್ಲಿ ಪೀಟ್ ಬ್ಯಾಂಕ್‌ಹೆಡ್ ಶುರು ಮಾಡಿದ್ದು, ಈಗ ಎಡಿನ್‌ಬರ್ಗ್‌ನಲ್ಲಿ ಬೆಳೆಯುತ್ತಿದೆ. ಪೂರ್ತಿ ಉಚಿತ.

ಸ್ಕ್ಯಾನ್ ಮಾಡಿದ ಸ್ಲೈಡಿನ ಚಿತ್ರದಲ್ಲಿ ಗೆಡ್ಡೆಯ ಸುತ್ತ ಗೆರೆ ಎಳೆದು ‘ಪಾಸಿಟಿವ್ ಸೆಲ್ ಡಿಟೆಕ್ಷನ್’ ಓಡಿಸಿದರೆ ಒಂದೊಂದು ಕೋಶಕ್ಕೂ ಅಂಚು ಬೀಳುತ್ತದೆ. ಪಾಸಿಟಿವ್ ಆದರೆ ಕೆಂಪು, ಇಲ್ಲದಿದ್ದರೆ ನೀಲಿ. ನನಗೆ ಜಾಸ್ತಿ ಹಿಡಿಸಿದ್ದು ಇದೇ. ಬರೀ ಶೇಕಡಾವಾರು ಕೊಟ್ಟು ಕೈತೊಳೆದುಕೊಳ್ಳುವುದಿಲ್ಲ, ಯಾವ ಕೋಶವನ್ನು ಏನಂತ ಎಣಿಸಿದೆ ಅಂತ ತೋರಿಸುತ್ತದೆ. ಜೂಮ್ ಮಾಡಿ, ‘ಇದು ಗೆಡ್ಡೆಯ ಕೋಶವಲ್ಲ, ಲಿಂಫೋಸೈಟ್ ಅನ್ನೋ ಬಿಳಿ ರಕ್ತಕಣ ಕಣಪ್ಪ’ ಅಂತ ಜಗಳ ಆಡಬಹುದು.

ಹೌದು, ಲಿಂಫೋಸೈಟನ್ನೂ ಸೇರಿಸಿಕೊಂಡುಬಿಡುತ್ತದೆ. ಅದಕ್ಕೆ ಪಾಠ ಹೇಳಬೇಕು: ಗೆಡ್ಡೆಯ ಕೋಶ ಇರುವ ಕಡೆ ಒಂದಿಷ್ಟು, ಸ್ಟ್ರೋಮಾ (ಗೆಡ್ಡೆಗೆ ಆಧಾರವಾದ ಸುತ್ತಲಿನ ಟಿಶ್ಯೂ) ಕಡೆ ಒಂದಿಷ್ಟು ಗುರುತು ಹಾಕಿ ಕ್ಲಾಸಿಫೈಯರ್, ಅಂದರೆ ಕೋಶಗಳನ್ನು ವಿಂಗಡಿಸುವ ಭಾಗವನ್ನು ಟ್ರೇನ್ ಮಾಡಿ. ಆಮೇಲೆ ತಾನೇ ಬೇರ್ಪಡಿಸುತ್ತದೆ.

ಕಿರಿಕಿರಿ ಇರುವುದು ಸ್ಟೇನಿನಲ್ಲಿ. ಕಂದು ಎಷ್ಟು ಗಾಢವಾದರೆ ಪಾಸಿಟಿವ್ ಅನ್ನುವ ಗೆರೆಯನ್ನು ನಾವೇ ಹಾಕಬೇಕು. ಅದನ್ನು ಸ್ವಲ್ಪ ಸರಿಸಿದರೂ ಉತ್ತರ ಬದಲು. ಒಂದು ಬ್ಯಾಚಿಗೆ ಹೊಂದಿಸಿದ್ದು, ಬಣ್ಣ ತೆಳುವಾದ ಮುಂದಿನ ಬ್ಯಾಚಿಗೆ ಒಗ್ಗುವುದಿಲ್ಲ. ಟಿಶ್ಯೂ ಮಡಚಿಕೊಂಡ ಜಾಗದಲ್ಲಂತೂ ಎಣಿಕೆ ಎಡವಟ್ಟು, ಅಂಥ ಕಡೆ ಗೆರೆ ಎಳೆಯಲೇಬೇಡಿ.

ಇನ್ನೊಂದು ಮಾತು. ಇದು ಸಂಶೋಧನೆಗೆ ಮಾತ್ರ, ರೋಗನಿರ್ಣಯಕ್ಕೆ ಅನುಮತಿ ಇಲ್ಲ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2021ರಲ್ಲಿ ಒಪ್ಪಿದ ಪೇಜ್ ಪ್ರಾಸ್ಟೇಟ್ ಸಾಫ್ಟ್‌ವೇರ್ ಬೇರೆ ಜಾತಿಯದು. ಅದು ಪ್ರಾಸ್ಟೇಟ್ ಬಯಾಪ್ಸಿಯಲ್ಲಿ ಅನುಮಾನದ ಜಾಗ ತೋರಿಸುತ್ತದೆ. ಅಲ್ಲೂ ಕೊನೆಯ ಮಾತು ಡಾಕ್ಟರದ್ದೇ.

ಥೀಸಿಸ್ ಮಾಡುವ ಪಿಜಿಗಳು ಧಾರಾಳವಾಗಿ ಬಳಸಿ. ಸ್ಲೈಡ್ ಫೈಲ್ ಒಂದೊಂದೂ ಜಿಬಿಗಟ್ಟಲೆ ಇರುತ್ತದೆ, ಹಳೇ ಲ್ಯಾಪ್‌ಟಾಪ್ ನರಳುತ್ತದೆ. ಸ್ಲೈಡ್ ಸ್ಕ್ಯಾನರ್ ಇಲ್ವಾ? ಮೈಕ್ರೋಸ್ಕೋಪ್ ಕ್ಯಾಮೆರಾದ ಫೋಟೋ ಹಾಕಿದರೂ ನಡೆಯುತ್ತದೆ. ಪಿಕ್ಸೆಲ್ ಅಳತೆ (ಒಂದು ಪಿಕ್ಸೆಲ್ ಅಂದರೆ ಎಷ್ಟು ಮೈಕ್ರಾನ್ ಅಂತ) ತುಂಬಲು ಮಾತ್ರ ಮರೆಯಬೇಡಿ.