ಸಿಡಿಲಿನ ಕಿಚ್ಚು ಕಾಯಲು ನಾಸಾದ ಫರ್ಮ್ಸ್ ನಕ್ಷೆ: ಎಷ್ಟು ನಂಬಬಹುದು?

ಹೊತ್ತಿಕೊಂಡ ಕಾಡ್ಗಿಚ್ಚು ಯಾವ ದಿಕ್ಕಿಗೆ ಹರಿಯುತ್ತಿದೆ ಎಂದು ನೋಡಲು ಫರ್ಮ್ಸ್ (ಉಪಗ್ರಹ ಕಂಡ ಬೆಂಕಿಯನ್ನು ಕೆಂಪು ಚುಕ್ಕೆಯಾಗಿ ತೋರಿಸುವ ನಾಸಾದ ಆನ್‌ಲೈನ್ ನಕ್ಷೆ) ಒಳ್ಳೆಯ ಸೇವೆ, ಅದೂ ಪುಕ್ಕಟೆ. ಸಿಡಿಲು ಬಡಿದ ಒಣಮರದ ಪೊಟರೆಯಲ್ಲಿ ಕೆಂಡ ಕೂತಿದೆಯೇ ಎಂದು ಕೇಳಿದರೆ ಮಾತ್ರ ಅದು ಕುರುಡು. ಹುಣಸೂರು, ಎಚ್.ಡಿ. ಕೋಟೆ, ಮೇಲುಕೋಟೆ ಕಡೆ ಇದನ್ನು ನಂಬಿ ಕೂರುವವರು ಮೊದಲು ಗಡಿಯಾರದ ಲೆಕ್ಕ ಹಾಕಿಕೊಳ್ಳಬೇಕು.

ಫರ್ಮ್ಸ್‌ಗೆ ಬೆಂಕಿಯ ಬಿಸಿ ಗುರುತಿಸಿಕೊಡುವ ವಿಯರ್ಸ್ ಸಂವೇದಕ ಹೊತ್ತ ಉಪಗ್ರಹಗಳು ನಮ್ಮ ತಲೆಯ ಮೇಲೆ ಹಾಯುವುದು ಮಧ್ಯಾಹ್ನ ಒಂದೂವರೆ ಮತ್ತು ನಡುರಾತ್ರಿ ಒಂದೂವರೆಯ ಆಸುಪಾಸಿಗೆ. ಏಪ್ರಿಲ್-ಮೇ ತಿಂಗಳ ಗುಡುಗು ಸಾಮಾನ್ಯವಾಗಿ ಸಂಜೆಯದು. ಐದು ಗಂಟೆಗೆ ಸಿಡಿಲು ಬಿತ್ತು ಎನ್ನಿ. ನಡುರಾತ್ರಿಯ ಹೊತ್ತಿಗೆ ತಂಪು ಇಳಿದು ಬೆಂಕಿ ಬರೀ ಹೊಗೆಯಾಡುತ್ತಿರುತ್ತದೆ, ಮೇಲೆ ಮೋಡ ಬೇರೆ. ಮರುದಿನ ಮಧ್ಯಾಹ್ನ ಗಾಳಿಗೆ ತರಗೆಲೆ ಹತ್ತಿಕೊಂಡ ಮೇಲೆಯೇ ಅದು ಕಣ್ಣಿಗೆ ಬೀಳುವುದು. ಮಾಹಿತಿ ನಕ್ಷೆಗೆ ಬರಲು 3 ಗಂಟೆಯವರೆಗೂ ಹಿಡಿಯಬಹುದು. ಅಲ್ಲಿಗೆ ಒಂದು ದಿನ ಕಳೆಯಿತು. ಅಮೆರಿಕದ ನಿರ್ಜನ ಕಾಡುಗಳಲ್ಲಿ ಸಿಡಿಲಿನ ಬೆಂಕಿಯನ್ನು ಕೆಲವೊಮ್ಮೆ ಆರಿಸದೆ ವಾರಗಟ್ಟಲೆ ಕಣ್ಣಿಟ್ಟು ಕಾಯುತ್ತಾರೆ. ಅಂಥ ಕೆಲಸಕ್ಕೆ ಈ ವೇಗ ಸಾಕು. ಮೇಲುಕೋಟೆಯ ಕುರುಚಲು ಕಾಡಿನ ಹುಲ್ಲುಬೆಂಕಿ ನಾಲ್ಕಕ್ಕೆ ಹೊತ್ತಿ ಎಂಟಕ್ಕೆ ಆರಿದರೆ ನಕ್ಷೆಯಲ್ಲಿ ಅದರ ಸುಳಿವೇ ಇರುವುದಿಲ್ಲ.

ಹಾಗಾಗಿ ಜೊತೆಗೆ ‘ದಾಮಿನಿ’ ಬೇಕೇ ಬೇಕು. ಪುಣೆಯ ಹವಾಮಾನ ಸಂಶೋಧನಾ ಸಂಸ್ಥೆ ಐಐಟಿಎಂ ರೂಪಿಸಿದ ಈ ಆ್ಯಪ್ ನೀವಿರುವ ಜಾಗದಿಂದ 20 ಮತ್ತು 40 ಕಿ.ಮೀ. ಒಳಗಿನ ಸಿಡಿಲಿನ ಎಚ್ಚರಿಕೆ ಕೊಡುತ್ತದೆ. ತೋರಿಸುವುದು ಈಚಿನ ಕೆಲವೇ ನಿಮಿಷಗಳ ಸಿಡಿಲುಗಳನ್ನು, ಆದ್ದರಿಂದ ಆಗಲೇ ಸ್ಕ್ರೀನ್‌ಶಾಟ್ ತೆಗೆದಿಡಿ. ಸಿಡಿಲು ಬಿದ್ದಲ್ಲಿ ಮಳೆ ಜೋರಾಗಿ ಸುರಿದಿದ್ದರೆ ಚಿಂತೆ ಕಡಿಮೆ. ನಾಲ್ಕು ಹನಿ ಉದುರಿಸಿ ಹೋಗಿದ್ದರೆ ಆ ಜಾಗವನ್ನು ಹತ್ತು ದಿನ ಬಿಡಬೇಡಿ. ಮರದೊಳಗಿನ ಕೆಂಡ ದಿನಗಟ್ಟಲೆ ಸುಮ್ಮನಿದ್ದು ಬಿಸಿಲೇರಿದಾಗ ಹೊರಬರುತ್ತದೆ.

ಇನ್ನು ಆ ಕೆಂಪು ಚುಕ್ಕೆ. ಬಹಳ ಜನ ಎಡವುವುದು ಇಲ್ಲೇ. ವಿಯರ್ಸ್‌ನ ಒಂದು ಚುಕ್ಕೆ ಎಂದರೆ 375 ಮೀಟರ್ ಚೌಕ, ಸುಮಾರು 35 ಎಕರೆ. ಅಷ್ಟೂ ಉರಿಯುತ್ತಿದೆ ಎಂದಲ್ಲ. ಚುಕ್ಕೆ ಕೂರುವುದು ಚೌಕದ ನಡುವೆ. ಬೆಂಕಿ ಇನ್ನೂರೈವತ್ತು ಮೀಟರ್ ಆಚೆ, ಮೂಲೆಯ ಲಂಟಾನ ಪೊದೆಯಲ್ಲಿರಬಹುದು. ಫರ್ಮ್ಸ್ ಬಳಸುವ ಇನ್ನೊಂದು ಸಂವೇದಕ ಮೋಡಿಸ್‌ನ ಚೌಕ 1 ಕಿ.ಮೀ., ನಮ್ಮ ಬೀಟುಗಳಿಗೆ (ಅರಣ್ಯ ಗಸ್ತಿನ ಸಣ್ಣ ವಿಭಾಗಗಳಿಗೆ) ಅದು ತೀರಾ ಒರಟು. ಆ ಪದರ ಆಫ್ ಮಾಡಿ. ಸಮಯ ಯುಟಿಸಿಯಲ್ಲಿದ್ದರೆ (ಜಾಗತಿಕ ಪ್ರಮಾಣ ಸಮಯ) ಐದೂವರೆ ಗಂಟೆ ಕೂಡಿಸಿ. 08:10 ಎಂದಿದ್ದರೆ ನಮ್ಮಲ್ಲಿ ಮಧ್ಯಾಹ್ನ 1:40.

ಮಂಡ್ಯ ಕಡೆಯವರಿಗೆ ಇನ್ನೊಂದು ಕಾಟ. ಕಬ್ಬು ಕಡಿದ ಗದ್ದೆಯಲ್ಲಿ ತರಗು ಸುಟ್ಟರೂ ಚುಕ್ಕೆ ಬೀಳುತ್ತದೆ. ಅದು ಸುಳ್ಳು ಚುಕ್ಕೆಯಲ್ಲ, ಬೆಂಕಿಯೇ, ಆದರೆ ಕಾಡಿನದಲ್ಲ. ಉಪಗ್ರಹ ಚಿತ್ರದ ಹಿನ್ನೆಲೆ ಹಾಕಿ ಗದ್ದೆಯೋ ಕಾಡೋ ನೋಡಿಕೊಳ್ಳಿ. ಹಗಲಿನಲ್ಲಿ ‘ಲೋ’ (ಬೆಂಕಿಯೇ ಎಂಬ ಖಾತ್ರಿ ಕಡಿಮೆ) ಎಂದು ಬಂದ ಚುಕ್ಕೆ ಬಹುಪಾಲು ಬಿಸಿಲಿನ ಪ್ರತಿಫಲನ. ಒಂದೇ ಜಾಗದಲ್ಲಿ ತಿಂಗಳುಗಟ್ಟಲೆ ಕಂಡರೆ ಕಾರ್ಖಾನೆಯೋ ಇಟ್ಟಿಗೆ ಗೂಡೋ ಇರಬೇಕು.

ಇಮೇಲ್ ಎಚ್ಚರಿಕೆ ಹಾಕಿಕೊಳ್ಳುವಾಗ ಇಡೀ ತಾಲೂಕು ಆರಿಸಬೇಡಿ, ಗದ್ದೆಬೆಂಕಿಯ ಮೇಲ್‌ಗಳಲ್ಲೇ ಮುಳುಗುತ್ತೀರಿ. ಕಾಡಂಚಿನಿಂದ ಎರಡು ಕಿ.ಮೀ. ಸೇರಿಸಿ ಗೆರೆ ಎಳೆಯಿರಿ, ಸಾಕು. ಇದೂ ರಗಳೆ ಎನಿಸಿದರೆ ಡೆಹ್ರಾಡೂನಿನ ಭಾರತೀಯ ಅರಣ್ಯ ಸರ್ವೇಕ್ಷಣೆಯ ಉಚಿತ ಎಸ್ಸೆಮ್ಮೆಸ್‌ಗೆ ನೋಂದಾಯಿಸಿ. ಮಾಹಿತಿ ಅದೇ ಉಪಗ್ರಹಗಳದು, ಆದರೆ ಅರಣ್ಯದೊಳಗಿನ ಚುಕ್ಕೆಗಳನ್ನಷ್ಟೇ ಸೋಸಿ ಕಳಿಸುತ್ತಾರೆ. ಬರೀ ಎಚ್ಚರಿಕೆ ಸಾಕು ಎನ್ನುವವರಿಗೆ ಫರ್ಮ್ಸ್‌ಗಿಂತ ಇದೇ ಮೇಲು.

ಬೆಂಕಿ ಆರಿದ ಮೇಲೆ ಎಷ್ಟು ಸುಟ್ಟಿತೆಂದು ಚುಕ್ಕೆ ಎಣಿಸಿ ಗುಣಿಸುವವರಿದ್ದಾರೆ. ಲೆಕ್ಕ ಎಲ್ಲೋ ಹೋಗುತ್ತದೆ. ಸುಟ್ಟ ಗುರುತಿಗೆ ಯುರೋಪಿನ ಸೆಂಟಿನೆಲ್-2 ಉಪಗ್ರಹದ ಚಿತ್ರ ನೋಡಿ; 5 ದಿನಕ್ಕೊಮ್ಮೆ ಬರುತ್ತದೆ, 20 ಮೀಟರಿನಷ್ಟು ಸೂಕ್ಷ್ಮ.

ಚುಕ್ಕೆ ಕಂಡಿತೆಂದು ನೀವೇ ಕಾಡಿಗೆ ನುಗ್ಗಬೇಡಿ. ಅರಣ್ಯ ಸಹಾಯವಾಣಿ 1926ಕ್ಕೆ ಕರೆ ಮಾಡಿ ಅಕ್ಷಾಂಶ-ರೇಖಾಂಶ ಓದಿ ಹೇಳಿ, ಜೊತೆಗೆ ಹತ್ತಿರದ ಕೆರೆಯ ಹೆಸರನ್ನೂ ಹೇಳಿ. ವಾಚರ್‌ಗಳು ಜಾಗ ಹಿಡಿಯುವುದು ಕೆರೆಯ ಹೆಸರಿನಿಂದಲೇ.