ಚಕ್ರ ಅಳೆಯದೆ ಫ್ರೇಮ್‌ಗೆ ಗರಗಸ ಹಾಕಬೇಡಿ

ಬೆಂಗಳೂರು ವಿಮಾನ ನಿಲ್ದಾಣದ ಚೆಕ್-ಇನ್ ಕೌಂಟರ್‌ನಲ್ಲಿ ಎರಡು ತುಂಡು ಮಾಡಿದ ನನ್ನ ಸೈಕಲ್ ಇದ್ದ ಪೆಟ್ಟಿಗೆಯನ್ನು ಯಾರೂ ಅಳೆಯಲಿಲ್ಲ. ಏಳು ತಿಂಗಳಿನಿಂದ ನಾನು ಕಾದಿದ್ದುದು ಆ ಅಳತೆಗಾಗಿ. ಉದ್ದ 66, ಎತ್ತರ 66, ದಪ್ಪ 26 ಸೆಂಟಿಮೀಟರ್. ಮೂರನ್ನೂ ಕೂಡಿದರೆ ಸರಿಯಾಗಿ 158. ಸಾಮಾನ್ಯ ಲಗೇಜಿಗೆ ವಿಮಾನ ಕಂಪನಿಗಳು ಹಾಕುವ ಮಿತಿಯೂ ಅದೇ. ಯಾರಾದರೂ ಟೇಪ್ ಹಿಡಿದು ಬಂದರೆ ತೋರಿಸೋಣವೆಂದು ಮೂರು ಅಂಕಿಗಳನ್ನೂ ಪೆಟ್ಟಿಗೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿದ್ದೆ. ಕೌಂಟರಿನಲ್ಲಿದ್ದ ಹುಡುಗಿ ಅದರತ್ತ ಕಣ್ಣೂ ಹಾಯಿಸಲಿಲ್ಲ. ಪೆಟ್ಟಿಗೆ ತೂಕದ ಬೆಲ್ಟ್ ಏರಿತು, 24.8 ಎಂದು ತೋರಿಸಿತು. "ಸರ್, ನಿಮ್ಮ ಟಿಕೆಟ್‌ಗೆ 15 ಕಿಲೋ ಮಾತ್ರ. ಉಳಿದದ್ದಕ್ಕೆ ಆ ಕಡೆ ಕೌಂಟರಿನಲ್ಲಿ ಹಣ ಕಟ್ಟಿ ಬನ್ನಿ."

ಹಣ ಕಟ್ಟಲು ನಿಂತಾಗ ನನ್ನ ಮುಂದೆ ಒಬ್ಬ ಹುಡುಗನಿದ್ದ. ಅವನೂ ನನ್ನಂತೆ ಲಡಾಖ್‌ನ ಲೇಹ್‌ಗೇ ಹೊರಟವನು. ಸೈಕಲ್ ಅಂಗಡಿಯಿಂದ ಬೇಡಿ ತಂದ ರಟ್ಟಿನ ಪೆಟ್ಟಿಗೆಯಲ್ಲಿ ಇಡೀ ಸೈಕಲನ್ನು, ಚಕ್ರ ಮತ್ತು ಪೆಡಲ್ ಬಿಚ್ಚಿ, ಹ್ಯಾಂಡಲ್ ತಿರುಗಿಸಿ ಮಲಗಿಸಿದ್ದ. ಒಟ್ಟು 17 ಕಿಲೋ. ಸೈಕಲ್ ಎಂಬ ಕಾರಣಕ್ಕೆ ಅವನಿಂದ ಒಂದು ಪ್ರತ್ಯೇಕ ಶುಲ್ಕ, ಜೊತೆಗೆ ಎರಡು ಕಿಲೋದ ದಂಡ ತೆಗೆದುಕೊಂಡರು. ಎರಡೂ ಸೇರಿ ನಾನು ಕಟ್ಟಿದ ಹತ್ತು ಕಿಲೋದ ಹಣದ ಅರ್ಧವೂ ಆಗಲಿಲ್ಲ. ಅವನು ನನ್ನ ಪೆಟ್ಟಿಗೆಯನ್ನು ನೋಡಿ, "ಇದರಲ್ಲಿ ತಬಲಾ ಇದೆಯಾ ಅಂಕಲ್?" ಎಂದು ಕೇಳಿದ.

ಬೆಂಗಳೂರಿನ ಅಂಚಿನ ತುರಹಳ್ಳಿ ಕಾಡಿನಲ್ಲಿ ಭಾನುವಾರ ಜೊತೆಗೆ ಸೈಕಲ್ ತುಳಿಯುವ ನಾಲ್ಕೈದು ಮಂದಿ ಆ "ಎರಡು ತುಂಡಿನ ಸೈಕಲ್"ನ ನಕ್ಷೆ ಕೇಳಿದ್ದಾರೆ. ನಕ್ಷೆಯ ಬದಲು ಇದನ್ನು ಬರೆಯುತ್ತಿದ್ದೇನೆ.

ಈ ಹುಚ್ಚು ಹತ್ತಿದ್ದು ಅಮೆರಿಕದವರ ಪ್ರವಾಸ ಕಥನಗಳನ್ನು ಓದಿ. ಅಲ್ಲಿ ಒಂದು ಕಾಲಕ್ಕೆ ಸೈಕಲ್ ಪೆಟ್ಟಿಗೆ ಎಂದರೆ ಒಂದು ಕಡೆಗೇ ನೂರೈವತ್ತು ಡಾಲರ್ ಕೀಳುತ್ತಿದ್ದರು. ಅದರಿಂದ ಪಾರಾಗಲು ಕ್ಯಾಲಿಫೋರ್ನಿಯಾದ ಎಸ್ ಅಂಡ್ ಎಸ್ ಎಂಬ ಸಂಸ್ಥೆಯ, ಕತ್ತರಿಸಿದ ಕೊಳವೆಯನ್ನು ಬೇಕಾದಾಗ ಬಿಚ್ಚಿ ಜೋಡಿಸಲು ಬರುವ ಕಪ್ಲರ್‌ಗಳನ್ನು ಫ್ರೇಮಿನ ಮೇಲಿನ ಕೊಳವೆಗೊಂದು, ಕೆಳಗಿನ ಕೊಳವೆಗೊಂದು ಕೂರಿಸಿ, ಸೈಕಲನ್ನು ಎರಡು ಭಾಗ ಮಾಡಿ, 62 ಇಂಚಿನ ಮಿತಿಯ ಪೆಟ್ಟಿಗೆಯೊಳಗೆ ಇಳಿಸುತ್ತಿದ್ದರು. ಆ 62 ಇಂಚೇ ನಮ್ಮ 158 ಸೆಂಟಿಮೀಟರ್. ಚೊಕ್ಕ ಕೆಲಸ, ಅನುಮಾನವಿಲ್ಲ. ಆದರೆ ಅದು ಅಲ್ಲಿನ ರೋಗಕ್ಕೆ ಅಲ್ಲಿನ ಮದ್ದು. ಅಲ್ಲಿ ತೂಕದ ಮಿತಿ ಸಾಮಾನ್ಯವಾಗಿ 23 ಕಿಲೋ, ಹಣ ಕೀಳುತ್ತಿದ್ದುದು ಗಾತ್ರಕ್ಕೆ. ನಮ್ಮ ದೇಶದೊಳಗಿನ ವಿಮಾನಗಳಲ್ಲಿ ಸಾಮಾನ್ಯ ಟಿಕೆಟ್‌ಗೆ 15 ಕಿಲೋ, ಹಣ ಕೀಳುವುದು ಮುಖ್ಯವಾಗಿ ತೂಕಕ್ಕೆ. ಸೈಕಲನ್ನು ಎರಡು ತುಂಡು ಮಾಡಿದರೆ ತೂಕ ಇಳಿಯುವುದಿಲ್ಲ, ಏರುತ್ತದೆ. ಇನ್ನೂ ತಮಾಷೆಯೆಂದರೆ, ಅಮೆರಿಕನ್ ಏರ್‌ಲೈನ್ಸ್ ಮತ್ತು ಡೆಲ್ಟಾ 2019ರಲ್ಲೇ ಸೈಕಲ್ ಮೇಲಿನ ಗಾತ್ರದ ದಂಡವನ್ನು ಕೈಬಿಟ್ಟಿದ್ದವು. ಅವರು ಬಿಟ್ಟ ಸಮಸ್ಯೆಯನ್ನು ನಾನು ಪೀಣ್ಯದಲ್ಲಿ ಬಿಡಿಸುತ್ತ ಕುಳಿತಿದ್ದೆ.

ಕೈಯಲ್ಲಿದ್ದುದು ಹಳೆಯ ಕ್ರೋಮೋಲಿ ಉಕ್ಕಿನ ಫ್ರೇಮ್, ಹಿಂದೆ ಸಸ್ಪೆನ್ಷನ್ ಇಲ್ಲದ್ದು, ದುಂಡು ಕೊಳವೆಗಳದ್ದು, 29 ಇಂಚಿನ ಚಕ್ರದ್ದು. ಉಕ್ಕು ಮತ್ತು ದುಂಡು ಕೊಳವೆ, ಈ ಎರಡು ಮಾತ್ರ ನಾನು ಸರಿಯಾಗಿ ಆರಿಸಿಕೊಂಡದ್ದು. ಅಲ್ಯುಮಿನಿಯಂ ಫ್ರೇಮ್ ಕತ್ತರಿಸಿ ಬೆಸೆಯಲು ಹೊರಡುವವರಿದ್ದರೆ ಇಲ್ಲೇ ನಿಲ್ಲಿಸಿ: ಬೆಸುಗೆಯ ಬಿಸಿಗೆ ಅದು ಮೆತ್ತಗಾಗುತ್ತದೆ, ಮತ್ತೆ ಕುಲುಮೆಯಲ್ಲಿ ಹದ ಮಾಡದೆ ಹಳೆಯ ಬಲ ಬರುವುದಿಲ್ಲ.

ಅಮೆರಿಕದಿಂದ ಕಪ್ಲರ್ ತರಿಸಿದರೆ ದುಬಾರಿ ಎಂದು ಪೀಣ್ಯದ ಒಂದು ಲೇತ್ ಶೆಡ್ಡಿಗೆ ಹೋದೆ. ಅಲ್ಲಿನ ಮೇಸ್ತ್ರಿ ಚಿತ್ರ ನೋಡಿ ಕೇಳಿದ ಮೊದಲ ಪ್ರಶ್ನೆ, "ಸರ್, ನಟ್ಟೂ ಸ್ಟೇನ್‌ಲೆಸ್, ಒಳಗಿನದೂ ಸ್ಟೇನ್‌ಲೆಸ್ ಬೇಕಾ? ಕಚ್ಚಿಕೊಳ್ಳುತ್ತದೆ. ಒಂದಕ್ಕೆ ಗನ್‌ಮೆಟಲ್ ಹಾಕೋಣ." ಮೂವತ್ತು ವರ್ಷ ಲೇತ್ ಮುಂದೆ ನಿಂತವರು ಅವರು. ಉಕ್ಕಿನ ಸೈಕಲ್ ಮೇಲೆ ಕಂಚಿನ ಜಾತಿಯ ಆ ಹಳದಿ ಲೋಹ ಚೆನ್ನಾಗಿ ಕಾಣುವುದಿಲ್ಲ ಎಂದು ನಾನು ಬೇಡವೆಂದೆ. ಹೌದು, ಕಾರಣ ಅಷ್ಟೇ.

ಅಸಲಿ ಕಪ್ಲರ್‌ನಲ್ಲಿ ಎರಡು ಮುಖಗಳಿಗೂ ಹಲ್ಲುಗಳಿರುತ್ತವೆ. ಅವು ಒಂದರೊಳಗೊಂದು ಬಿಗಿಯಾಗಿ ಕೂತು ತಿರುಚುವ ಬಲವನ್ನು ತಡೆಯುತ್ತವೆ. ಮೇಲಿನ ನಟ್ ಅವುಗಳನ್ನು ಒತ್ತಿ ಹಿಡಿಯುತ್ತದೆ. ನಮ್ಮ ನಕಲಿನಲ್ಲೂ ಹಲ್ಲು ಕೊರೆದೆವು. ಕೈಯಲ್ಲಿ ಅಲ್ಲಾಡಿಸಿದರೆ ತಿಳಿಯದಷ್ಟು ಸಡಿಲ ಉಳಿದಿತ್ತು. ಪೆಡಲ್ ತುಳಿದಾಗ ಮಾತ್ರ ತಿಳಿಯುತ್ತಿತ್ತು. ಜೋಡಿಯ ತೂಕ 740 ಗ್ರಾಂ.

ದೊಡ್ಡ ತಪ್ಪು ನಡೆದದ್ದು ಕತ್ತರಿಸಿದ ಜಾಗದಲ್ಲಿ. ಒಳ್ಳೆಯ ಉಕ್ಕಿನ ಫ್ರೇಮಿನ ಕೊಳವೆಗಳು ತುದಿಯಿಂದ ತುದಿಗೆ ಒಂದೇ ದಪ್ಪದವಲ್ಲ. ಬೆಸುಗೆ ಬೀಳುವ ಎರಡು ತುದಿಗಳಲ್ಲಿ ದಪ್ಪ, ನಡುವೆ ತೆಳು. ನನ್ನದರಲ್ಲಿ ತುದಿಗೆ 0.9 ಮಿಲಿಮೀಟರ್, ನಡುವೆ 0.6. ಇದು ನನಗೆ ಗೊತ್ತಾದದ್ದು ಗರಗಸ ಹಾದುಹೋದ ಮೇಲೆ, ವರ್ನಿಯರ್ ಹಿಡಿದಾಗ. ನಾನು ಕತ್ತರಿಸಿದ್ದು ನಟ್ಟನಡುವೆ. ಆ 0.6ರ ಹಾಳೆಯಂಥ ಕೊಳವೆಗೆ ಮೂರು ಮಿಲಿಮೀಟರ್ ದಪ್ಪದ ಕಪ್ಲರನ್ನು ಆರ್ಗಾನ್ ವೆಲ್ಡಿಂಗ್‌ನಲ್ಲಿ ಹಿಡಿಸಬೇಕು. ದಪ್ಪದ್ದು ಕಾಯುವ ಹೊತ್ತಿಗೆ ತೆಳುವಾದದ್ದು ಕರಗುತ್ತದೆ. ವೆಲ್ಡರ್ ಎರಡು ಕಡೆ ತೂತು ಬೀಳಿಸಿ, ಮತ್ತೆ ತುಂಬಿ, ಅರೆದು ನುಣುಪು ಮಾಡಿಕೊಟ್ಟ. ಬಣ್ಣ ಹೊಡೆದ ಮೇಲೆ ಏನೂ ಕಾಣಲಿಲ್ಲ. ಬಣ್ಣದ ಕೆಲಸವೇ ಅದಲ್ಲವೇ.

ಇಷ್ಟಾದ ಮೇಲೆ ಬಡಗಿ ಪೆಟ್ಟಿಗೆ ತಂದುಕೊಟ್ಟ. ಆರು ಮಿಲಿಮೀಟರ್ ಪ್ಲೈವುಡ್, ಅಂಚಿಗೆ ಅಲ್ಯುಮಿನಿಯಂ ಆಂಗಲ್, ಎರಡು ಗಾಲಿ, ಬೀಗ, 8.4 ಕಿಲೋ. ಫ್ರೇಮಿನ ಎರಡೂ ತುಂಡು ಒಳಗೆ ಸೊಗಸಾಗಿ ಕೂತವು. ಆಮೇಲೆ ಚಕ್ರ ತೆಗೆದುಕೊಂಡೆ. ಹೋಗಲಿಲ್ಲ. ಓರೆ ಮಾಡಿದೆ, ಗಾಳಿ ತೆಗೆದೆ, ಮೊಣಕಾಲು ಇಟ್ಟು ಒತ್ತಿದೆ. ಹೋಗಲಿಲ್ಲ.

ಲೆಕ್ಕ ಎರಡನೆಯ ತರಗತಿಯದ್ದು. 29 ಇಂಚಿನ ಚಕ್ರದಲ್ಲಿ ಟಯರ್ ಕೂರುವ ರಿಮ್ಮಿನ ವ್ಯಾಸ 622 ಮಿಲಿಮೀಟರ್. ಅದರ ಮೇಲೆ 2.2 ಇಂಚಿನ ಟಯರ್, ಎರಡೂ ಕಡೆ 56 ಹಿಡಿಯಿರಿ: 734. ಪೆಟ್ಟಿಗೆ 660. ಆ ಪ್ರವಾಸ ಕಥನಗಳ ಬೆಟ್ಟದ ಸೈಕಲ್‌ಗಳೆಲ್ಲ ಹಳೆಯ 26 ಇಂಚಿನ ಚಕ್ರದವು. ಅವುಗಳ ರಿಮ್ 559, ಟಯರ್ ಸೇರಿಸಿ ಸುಮಾರು 665. ಗಾಳಿ ತೆಗೆದರೆ ಒಳಗೆ ಜಾರುತ್ತವೆ. ಇಡೀ ಉಪಾಯ ನಿಂತಿದ್ದುದೇ ಆ ಅಳತೆಯ ಮೇಲೆ. ಪೆಟ್ಟಿಗೆಯ ಗಾತ್ರವನ್ನು ತೀರ್ಮಾನಿಸುವುದು ಫ್ರೇಮ್ ಅಲ್ಲ, ತುಂಡು ಮಾಡಲಾಗದ ಚಕ್ರ. ಚಕ್ರ ಹಿಡಿಸುವಷ್ಟು ದೊಡ್ಡ ಪೆಟ್ಟಿಗೆ ಮಾಡಿದರೆ 74, 74, 26, ಒಟ್ಟು 174. ಮಿತಿ ಮೀರಿತು. ಮಿತಿ ಮೀರಿದ ಮೇಲೆ ಫ್ರೇಮ್ ಕತ್ತರಿಸಿದ್ದು ಏಕೆ?

29ರ ಫ್ರೇಮಿಗೆ 26ರ ಚಕ್ರ ಹಾಕಿಬಿಡು ಎಂದು ಗೆಳೆಯನೊಬ್ಬ ಹೇಳಿದ. ಡಿಸ್ಕ್ ಬ್ರೇಕ್ ಆದ್ದರಿಂದ ಹಾಕಬಹುದು ನಿಜ. ಆದರೆ ಇಡೀ ಸೈಕಲ್ ಮೂರೂವರೆ ಸೆಂಟಿಮೀಟರ್ ಕುಸಿಯುತ್ತದೆ, ಪ್ರತಿ ಕಲ್ಲಿಗೂ ಪೆಡಲ್ ಬಡಿಯುತ್ತದೆ. ಕೊನೆಗೆ ಉಳಿದದ್ದು ಒಂದೇ ದಾರಿ, ಪ್ರತಿ ಪ್ರಯಾಣಕ್ಕೂ ರಿಮ್ಮಿನಿಂದ ಟಯರ್ ಪೂರ್ತಿ ಕಳಚುವುದು. ನನ್ನವು ಟ್ಯೂಬ್ ಇಲ್ಲದ ಟಯರ್‌ಗಳು; ಒಳಗೆ ತೂತು ಮುಚ್ಚುವ, ಹಾಲಿನಂಥ ಸೀಲೆಂಟ್. ಹೊರಡುವ ಹಿಂದಿನ ರಾತ್ರಿ ಬಚ್ಚಲುಮನೆಯಲ್ಲಿ ಅದನ್ನು ತೊಳೆದದ್ದನ್ನು ನನ್ನ ಹೆಂಡತಿ ಇವತ್ತಿಗೂ ಬೇರೆ ಬೇರೆ ಸಂದರ್ಭಗಳಲ್ಲಿ ನೆನಪಿಸುತ್ತಾಳೆ.

ಲೇಹ್ ವಿಮಾನ ನಿಲ್ದಾಣ ಇರುವುದು 3,256 ಮೀಟರ್ ಎತ್ತರದಲ್ಲಿ. ನೇರ ಹಾರಿ ಬಂದವರು ಮೊದಲ ಎರಡು ದಿನ ಸುಮ್ಮನೆ ಮಲಗಬೇಕು. ನಾನು ಮೊದಲ ದಿನವೇ ಅತಿಥಿಗೃಹದ ಅಂಗಳದಲ್ಲಿ ಏದುಸಿರು ಬಿಡುತ್ತ ಸೈಕಲ್ ಜೋಡಿಸಲು ಕುಳಿತೆ. ಮೂರೂವರೆ ಗಂಟೆ ಹಿಡಿಯಿತು. ಹಿಂದಿನ ಬ್ರೇಕ್ ಹೈಡ್ರಾಲಿಕ್, ಅಂದರೆ ದ್ರವದ ಒತ್ತಡದಿಂದ ಹಿಡಿಯುವಂಥದ್ದು. ಅದರ ನಳಿಕೆ ಹ್ಯಾಂಡಲ್‌ನಿಂದ ಹಿಂದಿನ ಚಕ್ರದವರೆಗೆ ಒಂದೇ ತುಂಡು. ಬಿಚ್ಚಿದರೆ ಒಳಗೆ ಗಾಳಿ ಸೇರುತ್ತದೆ, ಬಿಚ್ಚದಿದ್ದರೆ ಎರಡು ತುಂಡುಗಳ ನಡುವೆ ಕರುಳಿನಂತೆ ಜೋತಾಡುತ್ತದೆ. ನಾನು ಬಿಚ್ಚಿರಲಿಲ್ಲ. ದಾರಿಯಲ್ಲಿ ಪೆಟ್ಟಿಗೆಯೊಳಗೆ ಬ್ರೇಕ್ ಹಿಡಿಕೆ ಅದುಮಿಕೊಂಡು ಪ್ಯಾಡ್‌ಗಳು ಮುಚ್ಚಿಹೋಗಿದ್ದವು, ಡಿಸ್ಕ್ ಒಳಗೆ ಹೋಗುತ್ತಿರಲಿಲ್ಲ. ಪ್ಯಾಡ್‌ಗಳ ನಡುವೆ ಒಂದು ರಟ್ಟಿನ ಚೂರು ಇಟ್ಟಿದ್ದರೆ ಆ ಒಂದು ಗಂಟೆ ಉಳಿಯುತ್ತಿತ್ತು. ಕಳಚಿದ ಟಯರ್ ಕೈಪಂಪಿನ ಗಾಳಿಗೆ ರಿಮ್ ಹಿಡಿಯಲಿಲ್ಲ. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಇತ್ತು, ಅದರ ಮೂತಿ ನನ್ನ ಸಣ್ಣ ವಾಲ್ವಿಗೆ ಹೊಂದಲಿಲ್ಲ. ಕೊನೆಗೆ ಟ್ಯೂಬ್ ಹಾಕಿದೆ.

ನಾಲ್ಕನೆಯ ದಿನ ಖರ್ದುಂಗ್ ಲಾ ಎಂಬ ಎತ್ತರದ ಘಟ್ಟದಾರಿ. ಲೇಹ್‌ನಿಂದ ಸುಮಾರು 40 ಕಿಲೋಮೀಟರ್ ಬರೀ ಏರು. ಮೇಲಿನ ಫಲಕ 18,380 ಅಡಿ ಎನ್ನುತ್ತಿತ್ತು. ಅಳೆದವರು ಹೇಳುವ ಎತ್ತರ 5,359 ಮೀಟರ್, ಅಂದರೆ ಅದಕ್ಕಿಂತ ಎಂಟುನೂರು ಅಡಿ ಕಡಿಮೆ. ಏರುವಾಗಲೇ ಕಾಲಿನ ಕೆಳಗೆ ಎಲ್ಲಿಂದಲೋ 'ಟಿಕ್, ಟಿಕ್' ಎನ್ನುತ್ತಿತ್ತು. ಪೆಡಲ್ ಇರಬೇಕು, ಸೀಟ್ ಇರಬೇಕು ಎಂದುಕೊಂಡೆ. ಬೇಡವಾದ ಉತ್ತರವನ್ನು ಮನಸ್ಸು ಕೊನೆಗೇ ಇಟ್ಟುಕೊಂಡಿತ್ತು. ಇಳಿಯುವಾಗ ರಸ್ತೆ ಕಿತ್ತುಹೋದ ಕಡೆ ಆ ಸದ್ದು ಬದಲಾಯಿತು. ಸಣ್ಣದಾಗಿ 'ಕಿರ್' ಎಂದಿತು.

ಸೌತ್ ಪುಲ್ಲು ಚೆಕ್‌ಪೋಸ್ಟ್ ಬಳಿ ಚಹಾಕ್ಕೆಂದು ನಿಲ್ಲಿಸಿ ಸೈಕಲನ್ನು ತಲೆಕೆಳಗು ಮಾಡಿದೆ. ಕೆಳಗಿನ ಕೊಳವೆಯಲ್ಲಿ, ಕಪ್ಲರ್ ಮುಗಿದು ತೆಳುವಾದ ಭಾಗ ಶುರುವಾಗುವ ಕಡೆ, ಬೆಸುಗೆಯ ಅಂಚಿಗೆ ಅಂಟಿಕೊಂಡಂತೆ ಒಂದು ಕೂದಲೆಳೆ. ಉಗುರು ಇಟ್ಟು ಎಳೆದರೆ ಉಗುರು ಸಿಕ್ಕಿಕೊಂಡಿತು. ಕೊಳವೆಯ ಸುತ್ತಳತೆಯ ಮೂರನೇ ಒಂದು ಭಾಗ ಆಗಲೇ ಸೀಳಿತ್ತು. ಗುಂಡಿಯ ಮೇಲೆ ಹಾರಿದಾಗ ಆ ಕೊಳವೆ ಎಳೆತಕ್ಕೆ ಸಿಗುತ್ತದೆ, ಮುಂದಿನ ಬ್ರೇಕ್ ಹಿಡಿದಾಗ ಒತ್ತಡಕ್ಕೆ ಸಿಗುತ್ತದೆ. ಗಟ್ಟಿ ಕಪ್ಲರ್ ಬಾಗುವುದಿಲ್ಲ, ಬಾಗುವುದೆಲ್ಲ ಪಕ್ಕದ ಆ ಒಂದು ಗೆರೆಯಲ್ಲಿ. ಒಂದು ತಂತಿಯನ್ನು ಅತ್ತಿತ್ತ ಬಗ್ಗಿಸಿ ಮುರಿಯುತ್ತೇವಲ್ಲ, ಹಾಗೆ. ಕೆಳಗೆ ಇನ್ನೂ ಇಪ್ಪತ್ತಕ್ಕೂ ಹೆಚ್ಚು ಕಿಲೋಮೀಟರ್ ಇಳಿಜಾರಿತ್ತು. ಒಂದು ಬದಿ ಬಂಡೆ, ಇನ್ನೊಂದು ಬದಿ ಬಯಲು ಆಕಾಶ. ನಾನು ಚಹಾ ಕುಡಿಯಲಿಲ್ಲ. ಕೈ ನಡುಗುತ್ತಿದ್ದುದು ಚಳಿಗಲ್ಲ ಎಂದು ಎದುರಿಗಿದ್ದ ಸೈನಿಕನಿಗೂ ತಿಳಿದಿರಬೇಕು. ಅವನೇ ಕೆಳಗೆ ಹೋಗುವ ಪಿಕಪ್ ನಿಲ್ಲಿಸಿ ಸೈಕಲ್ ಹತ್ತಿಸಿಕೊಟ್ಟ.

ಹಿಂದಿರುಗಲು ಪ್ಯಾಕ್ ಮಾಡುವಾಗ ಮೇಸ್ತ್ರಿಯ ಮಾತು ನಿಜವಾಯಿತು. ಮೇಲಿನ ಕಪ್ಲರ್ ಬಿಚ್ಚಿತು. ಕೆಳಗಿನದು ಅರ್ಧ ಸುತ್ತು ತಿರುಗಿ ನಿಂತಿತು. ಸ್ಟೇನ್‌ಲೆಸ್ ಮೇಲೆ ಸ್ಟೇನ್‌ಲೆಸ್ ಬಿಗಿಯಾಗಿ ಉಜ್ಜಿದರೆ ಥ್ರೆಡ್ಡಿನ ಮೇಲಿನ ಪೊರೆ ಹರಿದು ಲೋಹಕ್ಕೆ ಲೋಹವೇ ಬೆಸೆದುಕೊಳ್ಳುತ್ತದೆ. ಬಲ ಹಾಕಿದಷ್ಟೂ ಇನ್ನಷ್ಟು ಕಚ್ಚುತ್ತದೆ. ಲೇಹ್‌ನ ವೆಲ್ಡಿಂಗ್ ಅಂಗಡಿಯಲ್ಲಿ ಪೈಪ್ ಪಾನಾ ಹಾಕಿ ಇಬ್ಬರು ತೂಗಿದೆವು. ಆಗಲಿಲ್ಲ. ಬಿರುಕು ಬಿಟ್ಟ ಜಾಗದಲ್ಲೇ ಹ್ಯಾಕ್ಸಾ ಇಟ್ಟು ಉಳಿದ ಭಾಗವನ್ನೂ ಕೊಯ್ಯಿಸಿದೆ. ಐದು ನಿಮಿಷವೂ ಹಿಡಿಯಲಿಲ್ಲ. ಅಂಗಡಿಯವನು ಹಣವನ್ನೂ ತೆಗೆದುಕೊಳ್ಳಲಿಲ್ಲ.

ಫ್ರೇಮ್, ಲೇತ್, ವೆಲ್ಡಿಂಗ್, ಪೆಟ್ಟಿಗೆ, ಎರಡು ಕಡೆಯ ಹೆಚ್ಚುವರಿ ತೂಕ ಎಲ್ಲ ಸೇರಿ 31,000 ರೂಪಾಯಿ. ಲೇಹ್‌ನಲ್ಲಿ ಬೆಟ್ಟದ ಸೈಕಲ್ ಬಾಡಿಗೆಗೂ ಸಿಗುತ್ತದೆ ಎಂಬುದನ್ನು ನಾನು ಹೊರಡುವ ಮೊದಲು ವಿಚಾರಿಸಿಯೂ ಇರಲಿಲ್ಲ.

ಎರಡು ತುಂಡಿನ ಸೈಕಲ್ ಯಾರಿಗೂ ಬೇಡ ಎನ್ನುತ್ತಿಲ್ಲ. ವರ್ಷಕ್ಕೆ ನಾಲ್ಕಾರು ಬಾರಿ ಹೊರದೇಶಕ್ಕೆ ಸೈಕಲ್ ಒಯ್ಯುವವರು, 26 ಇಂಚಿನ ಚಕ್ರದ ಹಳೆಯ ಉಕ್ಕಿನ ಫ್ರೇಮ್ ಇರುವವರು, ಕೇಬಲ್ ಎಳೆಯುವ ಡಿಸ್ಕ್ ಬ್ರೇಕ್ ಸಾಕೆನ್ನುವವರು, ಅಸಲಿ ಕಪ್ಲರನ್ನು ಅದನ್ನೇ ಮಾಡುವ ಫ್ರೇಮ್ ಕುಶಲಕರ್ಮಿಯ ಕೈಯಿಂದ ಹಾಕಿಸುವವರು ಮಾಡಿಸಿಕೊಳ್ಳಲಿ. ಅವರೂ ಕಪ್ಲರ್ ತರಿಸುವ ಮೊದಲು ಸೈಕಲ್, ಪೆಟ್ಟಿಗೆ, ಪಾನಾ, ಪಂಪು ಎಲ್ಲವನ್ನೂ ಮನೆಯ ತಕ್ಕಡಿಯ ಮೇಲೆ ಒಟ್ಟಿಗೆ ಇಟ್ಟು ನೋಡಲಿ. ತಾವು ಹತ್ತುವ ವಿಮಾನದ ನಿಯಮದಲ್ಲಿ ಗಾತ್ರ ಎಷ್ಟು, ತೂಕ ಎಷ್ಟು, ಸೈಕಲ್ ಎಂಬ ಹೆಸರಿಗೇ ಪ್ರತ್ಯೇಕ ಶುಲ್ಕವಿದೆಯೇ ಎಂದು ಟಿಕೆಟ್ ಮಾಡಿಸುವ ದಿನವೇ ಓದಲಿ.

ಮೇಸ್ತ್ರಿಗೆ ತುಂಡನ್ನು ತೋರಿಸಲು ಪೀಣ್ಯಕ್ಕೆ ಹೋಗಿದ್ದೆ. ಅವರು ಕಚ್ಚಿದ ನಟ್ ಕಡೆ ನೋಡಲೇ ಇಲ್ಲ. ಮುರಿದ ಅಂಚನ್ನು ಬೆಳಕಿಗೆ ಹಿಡಿದು, ಎಡ ತುದಿಯಿಂದ ತುಕ್ಕು ಎಲ್ಲಿಯವರೆಗೆ ಬಂದಿದೆ ಎಂದು ಬೆರಳಿನಲ್ಲಿ ತೋರಿಸಿದರು. ಆ ಭಾಗ ಸೀಳಿ ಕೆಲವು ವಾರವಾದರೂ ಆಗಿರಬೇಕು ಎಂಬುದು ಅವರ ಲೆಕ್ಕ. ಬಿರುಕು ಶುರುವಾದದ್ದು ಖರ್ದುಂಗ್ ಲಾದಲ್ಲಲ್ಲ, ತುರಹಳ್ಳಿಯಲ್ಲಿ.

ಪೆಟ್ಟಿಗೆ ಇನ್ನೂ ಗಟ್ಟಿಯಾಗಿದೆ, ಬೀಗವೂ ಇದೆ. ಬೇಕಾದವರು ಬಂದು ಒಯ್ಯಬಹುದು, ಹಣ ಬೇಡ. 66, 66, 26. ಬರುವಾಗ ನಿಮ್ಮ ಚಕ್ರವನ್ನೂ ತನ್ನಿ.