ಆಲ್ಟೆಪ್ಲೇಸ್, ಟೆನೆಕ್ಟೆಪ್ಲೇಸ್: ಎರಡನ್ನೂ ಕೈಯಾರೆ ಕೊಟ್ಟ ಮೇಲೆ

ಹಾಸನ ಕಡೆಯ ಒಂದು ಆಸ್ಪತ್ರೆಯ ಕ್ಯಾಜುವಾಲ್ಟಿಯಲ್ಲಿ ನಾನು ನರ್ಸ್. ಸ್ಟ್ರೋಕ್ ಆದವರಿಗೆ ಮೆದುಳಿನ ರಕ್ತನಾಳದಲ್ಲಿರುವ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡುತ್ತೇವಲ್ಲ, ಮೊದಲು ಅದು ಆಲ್ಟೆಪ್ಲೇಸ್ ಆಗಿತ್ತು. ಈಗ ಹೆಚ್ಚಾಗಿ ಟೆನೆಕ್ಟೆಪ್ಲೇಸ್.

ರೋಗಿ 60 ಕೆಜಿ ಇದ್ದಾರೆ ಅಂದುಕೊಳ್ಳಿ. ಆಲ್ಟೆಪ್ಲೇಸ್ ಆದರೆ ಕೆಜಿಗೆ 0.9ರಂತೆ 54 ಮಿಲಿಗ್ರಾಂ. 50ರ ವಯಲ್ ಜೊತೆಗೆ 20ರದೊಂದನ್ನೂ ಒಡೆಯಬೇಕು. ನೀರು ಬೆರೆಸಿ ಮೆಲ್ಲಗೆ ತಿರುಗಿಸಬೇಕು, ಕುಲುಕಿದರೆ ನೊರೆ ಬರುತ್ತದೆ. 5.4 ಮಿಲಿಗ್ರಾಂ ಒಂದು ನಿಮಿಷದಲ್ಲಿ ಕೊಡಬೇಕು. ಉಳಿದ 48.6 ಹನಿಹನಿಯಾಗಿ ಔಷಧಿ ಬಿಡುವ ಪಂಪಿನಲ್ಲಿ ಒಂದು ಗಂಟೆ ಹೋಗಬೇಕು. ಪಕ್ಕದಲ್ಲಿ ಮಗ "ಸಿಸ್ಟರ್, ಅಪ್ಪ ಮಾತಾಡ್ತಾರಾ?" ಅಂತ ಕೇಳುತ್ತಲೇ ಇರುತ್ತಾನೆ. ಈ ಔಷಧಿ ರಕ್ತದಲ್ಲಿ ನಿಲ್ಲುವುದು ಕೆಲವೇ ನಿಮಿಷ. ಪಂಪ್ ಶುರುವಾಗುವುದು ತಡವಾದರೆ ಮೊದಲು ಕೊಟ್ಟದ್ದು ಸುಮ್ನೆ ಹೋಯಿತು ಅಂತಲೇ ಲೆಕ್ಕ.

ಟೆನೆಕ್ಟೆಪ್ಲೇಸ್ ಆದರೆ ಕೆಜಿಗೆ 0.25, ಅಂದರೆ 15 ಮಿಲಿಗ್ರಾಂ. ಒಂದೇ ಸಿರಿಂಜ್, ಕೆಲವೇ ಸೆಕೆಂಡ್. ಲೈನಿನಲ್ಲಿ ಡೆಕ್ಸ್ಟ್ರೋಸ್ (ಗ್ಲೂಕೋಸ್ ಡ್ರಿಪ್) ಹೋಗುತ್ತಿದ್ದರೆ ಮೊದಲು ಸಲೈನ್ ಹಾಕಿ ತೊಳೆಯಬೇಕು, ಇಲ್ಲದಿದ್ದರೆ ಔಷಧಿ ಗರಣೆ ಕಟ್ಟುತ್ತದೆ. ಅಷ್ಟೇ.

ದೊಡ್ಡ ರಕ್ತನಾಳ ಮುಚ್ಚಿದ್ದರೆ ಹೆಪ್ಪನ್ನು ತೆಗೆಸಲು ಬೆಂಗಳೂರಿಗೆ ಕಳಿಸುತ್ತೇವೆ. ಒಮ್ಮೆ ಆಲ್ಟೆಪ್ಲೇಸ್ ಹರಿಯುತ್ತಿರುವಾಗಲೇ ಆಂಬುಲೆನ್ಸಿನಲ್ಲಿ ನಾನೂ ಹೊರಟೆ. ಚನ್ನರಾಯಪಟ್ಟಣ ಬರುವಷ್ಟರಲ್ಲಿ ಪಂಪಿನ ಬ್ಯಾಟರಿ ಕೈಕೊಟ್ಟಿತು. ಕೈಯಿಂದಲೇ ಹನಿ ಎಣಿಸಿದೆ. ಆ ಭಯ ಇವತ್ತಿಗೂ ಹೋಗಿಲ್ಲ. ಟೆನೆಕ್ಟೆಪ್ಲೇಸ್ ಕೊಟ್ಟವರನ್ನು ಪಂಪಿನ ಗೋಜಿಲ್ಲದೆ ಬಿಪಿ ನೋಡಿಕೊಂಡು ಕರೆದೊಯ್ಯಬಹುದು.

ಕೆಲಸ ಸುಲಭ ಅಂತ ಔಷಧಿ ಬದಲಿಸಲಾಗುವುದಿಲ್ಲ, ಅಲ್ವಾ? ಆಲ್ಟೆಪ್ಲೇಸ್‌ಗೆ 1995ರ ಅಮೆರಿಕದ ಎನ್‌ಐಎನ್‌ಡಿಎಸ್ (ಅಲ್ಲಿನ ನರರೋಗಗಳ ರಾಷ್ಟ್ರೀಯ ಸಂಸ್ಥೆ) ಪ್ರಯೋಗದಿಂದ ಬಂದ ಹೆಸರಿದೆ. ಸ್ಟ್ರೋಕ್ ಆದ ಮೂರು ಗಂಟೆಯೊಳಗೆ ಕೊಟ್ಟರೆ ಉಪಯೋಗವಿದೆ ಅಂತ ಅದು ತೋರಿಸಿತು. 2008ರಲ್ಲಿ ಯುರೋಪಿನ ಪ್ರಯೋಗ ಅದನ್ನು ನಾಲ್ಕೂವರೆ ಗಂಟೆಗೆ ಹಿಗ್ಗಿಸಿತು. ಎರಡನ್ನೂ ಎದುರುಬದುರು ಇಟ್ಟು ನೋಡಿದ್ದರಲ್ಲಿ ನನಗೆ ಧೈರ್ಯ ಕೊಟ್ಟದ್ದು 2022ರಲ್ಲಿ ಪ್ರಕಟವಾದ ಕೆನಡಾದ ಆಕ್ಟ್ ಪ್ರಯೋಗ. ಸುಮಾರು 1,600 ರೋಗಿಗಳು. ಮೂರು ತಿಂಗಳ ಮೇಲೆ ಹೆಚ್ಚುಕಮ್ಮಿ ಮೊದಲಿನಂತಾದವರು ಟೆನೆಕ್ಟೆಪ್ಲೇಸ್‌ನಲ್ಲಿ ಶೇ. 36.9, ಆಲ್ಟೆಪ್ಲೇಸ್‌ನಲ್ಲಿ ಶೇ. 34.8. ಮೆದುಳಿನ ತೀವ್ರ ರಕ್ತಸ್ರಾವ ಶೇ. 3.4 ಮತ್ತು 3.2. ಹೊಸದು ಹಳೆಯದಕ್ಕಿಂತ ಕಮ್ಮಿಯಿಲ್ಲ ಅನ್ನುವುದಕ್ಕೆ ಇಷ್ಟು ಸಾಕು. ಅದಕ್ಕೂ ಮೊದಲು, 2018ರಲ್ಲಿ, ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡಿನಲ್ಲಿ ದೊಡ್ಡ ನಾಳ ಮುಚ್ಚಿದ 202 ಜನರನ್ನು ನೋಡಿದ್ದರು. ಹೆಪ್ಪು ತೆಗೆಯಲು ಹೊರಡುವ ಹೊತ್ತಿಗೇ ರಕ್ತ ಹರಿಯಲು ಶುರುವಾದದ್ದು ಟೆನೆಕ್ಟೆಪ್ಲೇಸ್‌ನಲ್ಲಿ ಶೇ. 22, ಆಲ್ಟೆಪ್ಲೇಸ್‌ನಲ್ಲಿ ಶೇ. 10.

ಆದರೂ ಆಲ್ಟೆಪ್ಲೇಸ್‌ನ ಒಂದು ಗುಣ ನನಗೆ ಇಷ್ಟ. ಮಧ್ಯದಲ್ಲಿ ಜೋರು ತಲೆನೋವು, ವಾಂತಿ ಬಂತು, ಬಿಪಿ ಏರಿತು ಅಂದರೆ ಪಂಪ್ ನಿಲ್ಲಿಸಿ, ಮೆದುಳಲ್ಲಿ ರಕ್ತಸ್ರಾವ ಆಗಿದೆಯಾ ಅಂತ ಸಿಟಿ ಸ್ಕ್ಯಾನ್ ಮಾಡಿಸಬಹುದು. ಟೆನೆಕ್ಟೆಪ್ಲೇಸ್ ಆಗಲೇ ಪೂರ್ತಿ ಒಳಗೆ ಹೋಗಿರುತ್ತದೆ.

ಅದಕ್ಕಿಂತ ನನ್ನನ್ನು ಜಾಸ್ತಿ ಕಾಡುವುದು ಡೋಸ್. ಹೃದಯಾಘಾತಕ್ಕೂ ಇದೇ ಟೆನೆಕ್ಟೆಪ್ಲೇಸ್, ಇರುವುದೂ ಅದೇ ಬೀರುವಿನಲ್ಲಿ. 60 ಕೆಜಿಯವರಿಗೆ ಅಲ್ಲಿ 35 ಮಿಲಿಗ್ರಾಂ, ಇಲ್ಲಿ 15. ನಾರ್ವೆಯಲ್ಲಿ ಸ್ಟ್ರೋಕ್‌ಗೆ ಕೆಜಿಗೆ 0.4 ಕೊಟ್ಟು ನೋಡಿದ ಒಂದು ಪ್ರಯೋಗವನ್ನು ರಕ್ತಸ್ರಾವ ಹೆಚ್ಚಾಗಿ ನಡುವೆಯೇ ನಿಲ್ಲಿಸಬೇಕಾಯಿತು.

ಮಿಕ್ಕಿದ್ದೆಲ್ಲ ಎರಡಕ್ಕೂ ಒಂದೇ. ಮೊದಲು ಸಿಟಿ, ಬಿಪಿ 185/110ರ ಕೆಳಗೆ, ಆಮೇಲೆ 24 ಗಂಟೆ ಕಣ್ಣಿಟ್ಟು ಕಾಯುವುದು.

ನನ್ನ ಆಯ್ಕೆ ಟೆನೆಕ್ಟೆಪ್ಲೇಸ್, ನಮ್ಮಂಥ ಊರಿಗೆ ಖಂಡಿತ ಅದೇ. ಬೀರುವಿನ ಬಾಗಿಲಿಗೆ ಕೆಂಪು ಅಕ್ಷರದಲ್ಲಿ ಬರೆದು ಅಂಟಿಸಿದ್ದೇನೆ: "ಸ್ಟ್ರೋಕ್‌ಗೆ 25 ಮಿಲಿಗ್ರಾಂ ದಾಟಬಾರದು." ಸಿರಿಂಜಿಗೆ ಎಳೆದ ಮೇಲೆ ಇನ್ನೊಬ್ಬ ಸಿಸ್ಟರ್ ನೋಡಿ ಹೂಂ ಅನ್ನುವ ತನಕ ನಾನು ಕೊಡುವುದಿಲ್ಲ.